ಮದರ್ ಬೋರ್ಡ್ ಹೋದ ಮೇಲೆ

ಪ್ರೀತಿಯ ಮಕ್ಕಳೇ,

ಕಳೆದ ಸಂಚಿಕೆಯಲ್ಲಿ ನನ್ನ ಪುಟ ಕಾಣಲಿಲ್ಲವೆಂದು ನಿಮ್ಮಲ್ಲಿ ಇಬ್ಬರು ಮೂವರು ಫೋನು ಮಾಡಿ ವಿಚಾರಿಸಿದಿರಿ. ಒಬ್ಬಳಂತೂ “ಆಂಟಿ, ಹುಷಾರಿಲ್ವಾ?” ಎಂದು ಗಾಬರಿಯಿಂದಲೇ ಕೇಳಿದಳು. ನಾನು ಹುಷಾರಾಗಿಯೇ ಇದ್ದೆ. ಹುಷಾರು ತಪ್ಪಿದ್ದು ನನ್ನ ಲ್ಯಾಪ್‌ಟಾಪಿಗೆ. ಅದರ ಮದರ್ ಬೋರ್ಡ್ ಕೈಕೊಟ್ಟಿತ್ತು. ಹೊಸ ಬೋರ್ಡ್ ಹಾಕಿಸಿ, ವಿಂಡೋಸನ್ನು ಮೊದಲಿನಿಂದ ಕೂರಿಸಿ, ಆ ವಿಂಡೋಸ್ “ಸರಿ, ನೀನು ನಮ್ಮವಳೇ” ಎಂದು ಒಪ್ಪಿಕೊಳ್ಳುವ ಹೊತ್ತಿಗೆ ಆರು ವಾರ ಕಳೆದುಹೋಯಿತು.

“ಈ ಆಂಟಿ ನಮಗೆ ಕಂಪ್ಯೂಟರ್ ಪಾಠ ಹೇಳುವುದೇ?” ಎಂದು ನಗಬೇಡಿ. ನೀವು ಫೋನಿನಲ್ಲಿ ಬಲು ಚುರುಕು, ಒಪ್ಪಿದೆ. ಆದರೆ ಮನೆಯ ಕಂಪ್ಯೂಟರ್ ಒಂದು ದಿನ ಸುಮ್ಮನೆ ನಿಂತುಬಿಟ್ಟರೆ ಅದರೊಳಗೆ ಏನಿತ್ತು, ಅದರ ಬೀಗದ ಕೈ ಯಾರ ಹತ್ತಿರ ಇತ್ತು ಎಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕಾಗಿಯೇ ಈ ಕತೆ.

ಆಟಿ ಅಮಾವಾಸ್ಯೆಗೆ ಇನ್ನೂ ವಾರವಿತ್ತು. ಡೊಂಬಿವಲಿಯಲ್ಲಿ ಎಡೆಬಿಡದ ಮಳೆ. ಆ ಸಂಜೆ ಕರೆಂಟು ಹೋಗುತ್ತಿತ್ತು, ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ್ದನ್ನು ತೆಗೆಯಬೇಕೆಂದು ನನಗೆ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ಯಜಮಾನರಿಗೆ ಡಬ್ಬಿ ಕಟ್ಟಿ ಕಳುಹಿಸಿ, ಈ ಪುಟ ಬರೆಯೋಣವೆಂದು ಕುಳಿತರೆ ಗುಂಡಿ ಒತ್ತಿದ್ದೇ ಬಂತು. ದೀಪವೂ ಇಲ್ಲ, ಫ್ಯಾನಿನ ಸದ್ದೂ ಇಲ್ಲ. ಆ ಯಂತ್ರವನ್ನು ತಯಾರಿಸಿದ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದೆವು. ವಾರಂಟಿ ಮುಗಿದು ವರ್ಷಗಳೇ ಆಗಿದ್ದವು. ಮದರ್ ಬೋರ್ಡ್ ಸುಟ್ಟಿದೆ, ಅದೇ ಮಾದರಿಯದನ್ನು ತರಿಸಬೇಕು, ಹನ್ನೊಂದು ಸಾವಿರ ಆಗುತ್ತದೆ ಎಂದರು. ಯಜಮಾನರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಜೇಬು ಮುಟ್ಟಿ ನೋಡಿಕೊಂಡರು. “ಹಾಕಿ” ಎಂದರು.

ಅವರು ಅಷ್ಟು ಬೇಗ ಒಪ್ಪಿದ್ದಕ್ಕೆ ಕಾರಣವಿತ್ತು. ಆ ಯಂತ್ರದೊಳಗೆ ನನ್ನ ಮಾವನವರ ಜೀವನಕತೆ ಇತ್ತು.

ಮಾವನವರು 1958ರಲ್ಲಿ ಕುಂದಾಪುರದ ಕಡೆಯ ಹಳ್ಳಿಯಿಂದ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ರಾತ್ರಿ ಶಾಲೆಯಲ್ಲಿ ಕಲಿತು, ಮುಂದೆ ಒಂದು ಕಚೇರಿಯಲ್ಲಿ ಗುಮಾಸ್ತರಾದರು. ನಿವೃತ್ತರಾದ ಮೇಲೆ ಅದನ್ನೆಲ್ಲ ನಾಲ್ಕು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟರು. 2003-04ರಲ್ಲಿ ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂದಾಗ, ಮಧ್ಯಾಹ್ನ ಊಟವಾದ ಮೇಲೆ ಅವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಓದುತ್ತಿದ್ದರು, ನಾನು ‘ಬರಹ’ದಲ್ಲಿ ಟೈಪು ಮಾಡುತ್ತಿದ್ದೆ. ಒಟ್ಟು 112 ಪುಟ. 2005ರ ಜುಲೈ 26ರ ಮಳೆ ನಿಮಗೆ ನೆನಪಿರಲಾರದು, ನಿಮ್ಮ ಅಪ್ಪ ಅಮ್ಮನನ್ನು ಕೇಳಿ. ಒಂದೇ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಿತ್ತು. ಇತ್ತ ನಮ್ಮ ನೆಲಮಾಳಿಗೆಯ ಮನೆಗೂ ನೀರು ನುಗ್ಗಿತು. ಮಂಚದ ಕೆಳಗಿನ ಟ್ರಂಕಿನಲ್ಲಿದ್ದ ನಾಲ್ಕೂ ನೋಟ್‌ಬುಕ್ಕುಗಳು ಅಂಬಲಿಯಾದವು. ಅಟ್ಟದ ಮೇಲಿಟ್ಟಿದ್ದ ಒಂದು ಸಿ.ಡಿ. ಉಳಿಯಿತು. ಮಾವನವರು 2011ರಲ್ಲಿ ತೀರಿಕೊಂಡರು. ಸಿ.ಡಿ. ಕಾಲಕ್ರಮೇಣ ಕೆಟ್ಟಿತು. ಫೈಲನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿಸಿದ ಪೆನ್ ಡ್ರೈವಿನಲ್ಲಿ ನಾನೇ ಭಜನೆಗಳನ್ನು ತುಂಬಿಸಿಕೊಂಡೆ. ಹೀಗೆ ಉಳಿದಿದ್ದು ಲ್ಯಾಪ್‌ಟಾಪಿನಲ್ಲಿದ್ದ ಒಂದೇ ಪ್ರತಿ. ಸಂಘದ ವಿಶೇಷ ಸಂಚಿಕೆಗೆ ಅದರ ಒಂದು ಅಧ್ಯಾಯ ಕೊಡುತ್ತೇನೆಂದು ಸಂಪಾದಕರಿಗೆ ಮಾತೂ ಕೊಟ್ಟಿದ್ದೆ.

ಎಂಟು ದಿನಕ್ಕೆ ಬೋರ್ಡ್ ಬಂತು, ಹಾಕಿದರು. ಯಂತ್ರ ಹೊತ್ತಿಕೊಂಡಿತು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ನೀಲಿ ಪರದೆಯ ಮೇಲೆ ನಾಲ್ಕಾರು ಸಾಲು ಇಂಗ್ಲಿಷ್ ಮೂಡಿತು: ಬಿಟ್‌ಲಾಕರ್, ರಿಕವರಿ ಕೀ ಕೊಡಿ. ನಾನು ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿದವಳು. ಕಾಲೇಜಿನಲ್ಲಿ ಶೇಕ್ಸ್‌ಪಿಯರನನ್ನು ಓದಿ ಪಾಸಾದವಳಿಗೆ ಆ ನಾಲ್ಕು ಸಾಲು ಅರ್ಥವಾಗಲಿಲ್ಲ. ಸರ್ವಿಸ್ ಸೆಂಟರಿನ ಹುಡುಗ ಸಲೀಸಾಗಿ, “ಕಾಕೂ, ಫಾರ್ಮ್ಯಾಟ್ ಕರಾವ ಲಾಗೇಲ್” ಎಂದ. ಫಾರ್ಮ್ಯಾಟ್ ಎಂದರೆ ಗುಡಿಸಿ ಸಾರಿಸಿ ಎಲ್ಲವನ್ನೂ ಅಳಿಸುವುದು. ಒಳಗಿರುವುದು ಹೇಗೂ ಸಿಗುವುದಿಲ್ಲ, ಇಲ್ಲಿ ಒಂದು ಸಹಿ ಹಾಕಿ ಎಂದು ಕಾಗದ ಮುಂದಿಟ್ಟ.

ಮಕ್ಕಳೇ, ಇದನ್ನು ನೆನಪಿಡಿ. ಯಾರೇ ಆಗಲಿ ಫಾರ್ಮ್ಯಾಟ್ ಎಂಬ ಮಾತೆತ್ತಿದರೆ ಅಲ್ಲೇ ಸಹಿ ಹಾಕಬೇಡಿ. ಯಂತ್ರವನ್ನು ಮನೆಗೆ ತನ್ನಿ. ಒಂದು ರಾತ್ರಿ ಯೋಚಿಸಿ. ನಾನು ಮಾಡಿದ್ದು ಅದೊಂದೇ ಬುದ್ಧಿವಂತಿಕೆಯ ಕೆಲಸ. ಉಳಿದದ್ದೆಲ್ಲ ಆಮೇಲೆ ಕಲಿತದ್ದು.

ಆಗಿದ್ದು ಏನೆಂದು ಈಗ ಹೇಳುತ್ತೇನೆ. ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ತಾನಾಗಿಯೇ ಡಿಸ್ಕಿಗೆ ಬೀಗ ಹಾಕಿರುತ್ತದೆ. ಕಳ್ಳ ಲ್ಯಾಪ್‌ಟಾಪ್ ಕದ್ದು ಡಿಸ್ಕ್ ಬಿಚ್ಚಿದರೂ ಒಳಗಿನದನ್ನು ಓದಲಾಗಬಾರದು ಎಂದು. ಅದಕ್ಕೆ ಡಿವೈಸ್ ಎನ್‌ಕ್ರಿಪ್ಷನ್ ಎಂದು ಹೆಸರು, ಬಿಟ್‌ಲಾಕರ್ ಎನ್ನುವುದೂ ಅದೇ ಜಾತಿಯದು. ಆ ಬೀಗದ ಕೈ ಮದರ್ ಬೋರ್ಡಿನ ಮೇಲಿರುವ ಟಿ.ಪಿ.ಎಂ. ಎಂಬ ಭದ್ರತಾ ವ್ಯವಸ್ಥೆಯಲ್ಲಿರುತ್ತದೆ. ದಿನವೂ ಕಂಪ್ಯೂಟರ್ ಹಚ್ಚಿದಾಗ ನಮಗೆ ಗೊತ್ತಾಗದಂತೆ ಅದೇ ಬೀಗ ತೆಗೆಯುತ್ತಿರುತ್ತದೆ. ಬೋರ್ಡ್ ಬದಲಾಯಿತೆಂದರೆ ಹಳೆಯ ಬೀಗದ ಕೈ ಹಳೆಯ ಬೋರ್ಡಿನ ಜೊತೆ ಹೋಯಿತು. ಡಿಸ್ಕ್ ಚೆನ್ನಾಗಿಯೇ ಇದೆ, ಮಾವನವರ ಕತೆಯೂ ಇದೆ, ಆದರೆ ಬಾಗಿಲು ಮುಚ್ಚಿದೆ. ಇಂಥ ವೇಳೆಗೆಂದೇ ಇನ್ನೊಂದು ಬೀಗದ ಕೈ ಮಾಡಿಟ್ಟಿರುತ್ತಾರೆ. 48 ಅಂಕಿಗಳದು, ಆರಾರರ ಎಂಟು ಗುಂಪು. ಮನೆಯಲ್ಲಿ ಬಳಸುವ ಕಂಪ್ಯೂಟರಾದರೆ ಸಾಮಾನ್ಯವಾಗಿ ಅದು ಮೊದಲ ಸಲ ಯಾರ ಮೈಕ್ರೋಸಾಫ್ಟ್ ಖಾತೆಯಿಂದ ಕಂಪ್ಯೂಟರ್ ಆರಂಭಿಸಿದ್ದೆವೋ ಅವರ ಖಾತೆಯಲ್ಲಿ ಉಳಿದಿರುತ್ತದೆ. ಅಲ್ಲೂ ಇಲ್ಲವಾದರೆ ಮೈಕ್ರೋಸಾಫ್ಟಿನವರೂ ಅದನ್ನು ಮಾಡಿಕೊಡಲಾರರು.

ನಮ್ಮ ಯಂತ್ರ ಯಾರ ಖಾತೆಯಿಂದ ಆರಂಭವಾಗಿತ್ತು? 2020ರ ಲಾಕ್‌ಡೌನಿನಲ್ಲಿ ಮಗನ ಇಂಜಿನಿಯರಿಂಗ್ ತರಗತಿಗಳಿಗೆಂದು ಕೊಂಡದ್ದು ಅದು. ಅವನು ಓದು ಮುಗಿಸಿ ಹೈದರಾಬಾದಿಗೆ ಕೆಲಸಕ್ಕೆ ಹೋದಾಗ “ಅಮ್ಮ, ಇದು ನಿನಗಿರಲಿ” ಎಂದು ಬಿಟ್ಟುಹೋಗಿದ್ದ. ಯಂತ್ರ ಕೊಟ್ಟಿದ್ದ, ಬೀಗದ ಕೈ ತನ್ನ ಹೆಸರಲ್ಲೇ ಇಟ್ಟುಕೊಂಡಿದ್ದ. ಬೇಕೆಂದಲ್ಲ, ಅವನಿಗೂ ಗೊತ್ತಿರಲಿಲ್ಲ. ಫೋನು ಮಾಡಿದರೆ, “ಅಯ್ಯೋ ಅಮ್ಮ, ಅದು ಕಾಲೇಜಿನ ಕಾಲದ ಐಡಿ, ಪಾಸ್‌ವರ್ಡ್ ನೆನಪೇ ಇಲ್ಲ” ಎಂದ. “ಎಂತ ಮಾರಾಯ ನೀನು, ಅಜ್ಜನ ಕತೆ ಅದರೊಳಗೆ ಉಂಟು” ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಹತ್ತು ನಿಮಿಷ ಬಿಟ್ಟು ಅವನೇ ಫೋನು ಮಾಡಿದ. “ಅಮ್ಮ, ಪಾಸ್‌ವರ್ಡ್ ಬದಲಾಯಿಸ್ಲಿಕ್ಕೆ ಕೊಟ್ಟಿದ್ದೇನೆ. ನಿನ್ನ ಫೋನಿಗೆ ಒಂದು ಕೋಡ್ ಬಂದಿರ್ತದೆ ನೋಡು. ಆಗ ನಿನ್ನ ನಂಬರೇ ಕೊಟ್ಟಿದ್ದೆ.” ಕೋಡ್ ಬಂದಿತ್ತು. ಆದರೆ ಕೋಡ್ ಯಾರು ಕೇಳಿದರೂ ಹೇಳಬಾರದೆಂದು ನನಗೆ ನೂರು ಸಲ ಹೇಳಿಕೊಟ್ಟವನು ಇವನೇ. “ನೀನು ನಿಜವಾಗಿ ನನ್ನ ಮಗನೇ ಹೌದಾ?” ಎಂದು ಕೇಳಿದೆ. ಧ್ವನಿ ಅವನದೇ, ಆದರೂ ಕರೆ ಕತ್ತರಿಸಿ, ಅವನ ನಂಬರಿಗೆ ನಾನೇ ತಿರುಗಿ ಕರೆ ಮಾಡಿ ಆಮೇಲೆ ಹೇಳಿದೆ. ನಗು ಬಂದರೂ ನೀವೂ ಹಾಗೆಯೇ ಮಾಡಿ.

ಖಾತೆ ತೆರೆಯಿತು. ಅದರಲ್ಲಿ ಲ್ಯಾಪ್‌ಟಾಪಿನ ಹೆಸರಿನ ಎದುರು 48 ಅಂಕಿಗಳು ಸಾಲಾಗಿ ಕುಳಿತಿದ್ದವು. ನೀಲಿ ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರ ಖಾತೆಯಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಂಡರೆ ಅದೇ ಕೀ ಎಂದು ತಿಳಿಯುತ್ತದೆ. ಮಗ ಓದಿದ, ಯಜಮಾನರು ಕನ್ನಡಕ ಏರಿಸಿಕೊಂಡು ಒತ್ತಿದರು. ಒಮ್ಮೆ ತಪ್ಪಿತು. ಆ ಎಂಟು ಗುಂಪುಗಳಲ್ಲಿ ಪ್ರತಿಯೊಂದೂ 11ರಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಯಂತೆ, ಒತ್ತುವಾಗ ಆದ ತಪ್ಪು ಸಿಕ್ಕಿಬೀಳಲಿ ಎಂದು ಹಾಗೆ ಮಾಡಿದ್ದಾರೆ. ಎರಡನೆಯ ಸಲ ಬಾಗಿಲು ತೆರೆಯಿತು. ನಾನು ಮೊದಲು ಮಾಡಿದ ಕೆಲಸ ಮಾವನವರ ಫೈಲನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿದ್ದು. ಆಮೇಲೆ ಫೋಟೋಗಳು, ಆಮೇಲೆ ಉಳಿದದ್ದು. ಅದಾದ ಮೇಲೆಯೇ ಒಂದು ಲೋಟ ಕಾಫಿ ಕುಡಿದೆ.

ಇಷ್ಟಾದರೂ ಯಂತ್ರ ನೆಟ್ಟಗಾಗಲಿಲ್ಲ. ಘಳಿಗೆಗೊಮ್ಮೆ ನಿಲ್ಲುವುದು, ವೈಫೈ ಬಿಟ್ಟುಹೋಗುವುದು. ಪರದೆಯ ಬಲಮೂಲೆಯಲ್ಲಿ “ಆಕ್ಟಿವೇಟ್ ವಿಂಡೋಸ್” ಎಂಬ ಮಸುಕು ಬರಹ ಬೇರೆ. ಚೌತಿಗೆ ಬಂದಾಗ ಹೊಸದಾಗಿ ಹಾಕೋಣ ಎಂದ ಮಗ.

ಈ ಆಕ್ಟಿವೇಷನ್ ಎಂದರೇನು? 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ಪದ್ಧತಿ ಇದು. ಒಂದು ಪ್ರತಿಯನ್ನು ಕೊಂಡು ಹತ್ತು ಕಡೆ ಹಾಕುವುದನ್ನು ತಡೆಯಲು, ವಿಂಡೋಸ್ ನಿಮ್ಮ ಯಂತ್ರದ ಭಾಗಗಳನ್ನೆಲ್ಲ ನೋಡಿ ಒಂದು ಗುರುತು ಮಾಡಿಕೊಳ್ಳುತ್ತದೆ. ನಮ್ಮ ಹೆಬ್ಬೆಟ್ಟಿನ ಗುರುತಿದ್ದಂತೆ. ಮೆಮೊರಿಯನ್ನೋ ಡಿಸ್ಕನ್ನೋ ಬದಲಿಸಿದರೆ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಮದರ್ ಬೋರ್ಡ್ ಬದಲಿಸಿದರೆ ಮಾತ್ರ “ಇದು ಬೇರೆಯೇ ಕಂಪ್ಯೂಟರ್” ಎನ್ನುತ್ತದೆ. ತಾಯಿ ಬದಲಾದ ಮೇಲೆ ಮನೆ ಅದೇ ಹೇಗಾದೀತು ಎಂಬ ನ್ಯಾಯ!

ಇಲ್ಲಿ ನಿಮ್ಮ ಪರವಾನಗಿ ಯಾವ ಬಗೆಯದೆಂದು ತಿಳಿದಿರಬೇಕು. ಮುಖ್ಯವಾಗಿ ಎರಡು ಬಗೆ. ಲ್ಯಾಪ್‌ಟಾಪಿನ ಜೊತೆಗೇ ಬಂದ ವಿಂಡೋಸ್ ಓ.ಇ.ಎಂ. ಎಂಬ ಬಗೆಯದು. ಅದು ರೈಲ್ವೆ ಕ್ವಾರ್ಟರ್ಸ್ ಇದ್ದಂತೆ, ನೌಕರಿಯ ಜೊತೆ ಬಂದದ್ದು ನೌಕರಿಯ ಜೊತೆಗೇ ಹೋಗಬೇಕು. ಆ ಯಂತ್ರಕ್ಕೆ ಅಂಟಿಕೊಂಡದ್ದನ್ನು ಇನ್ನೊಂದಕ್ಕೆ ಒಯ್ಯುವಂತಿಲ್ಲ. 2012ರ ವಿಂಡೋಸ್ 8ರ ಕಾಲದಿಂದ ಅದರ ಕೀಲಿಸಂಖ್ಯೆಯನ್ನು ಮದರ್ ಬೋರ್ಡಿನೊಳಗೇ ಬರೆದಿಡುತ್ತಾರೆ. ಹಾಗಾಗಿ ಬೋರ್ಡಿನೊಂದಿಗೆ ಅದೂ ಹೋಗುತ್ತದೆ. ಬೋರ್ಡ್ ಕೆಟ್ಟಿದೆಯೆಂದು ತಯಾರಕರ ಕಡೆಯಿಂದ ಅದೇ ಬಗೆಯದನ್ನು ಹಾಕಿಸಿದರೆ ಹಳೆಯ ಪರವಾನಗಿ ನಡೆಯುತ್ತದೆ. ಹೆಚ್ಚು ವೇಗ ಬೇಕೆಂದು ಸರಿಯಿದ್ದ ಬೋರ್ಡನ್ನೇ ತೆಗೆದು ಬೇರೆ ಹಾಕಿದರೆ ಹೊಸ ಪರವಾನಗಿ ಕೊಳ್ಳಬೇಕು. ಎರಡನೆಯದು ರೀಟೇಲ್, ಅಂಗಡಿಯಲ್ಲಿ ನಾವೇ ದುಡ್ಡು ಕೊಟ್ಟು ಬೇರೆಯಾಗಿ ಕೊಂಡದ್ದು. ಅದು ನಮ್ಮ ಸ್ವಂತ ಕುಕ್ಕರ್ ಇದ್ದಂತೆ. ಯಾವ ಮನೆಗೆ ಹೋದರೂ ಒಯ್ಯಬಹುದು, ಆದರೆ ಒಂದು ಸಮಯಕ್ಕೆ ಒಂದೇ ಒಲೆಯ ಮೇಲೆ ಇಡಬೇಕು. ಅಂಗಡಿಯಲ್ಲಿ ಜೋಡಿಸಿಕೊಟ್ಟ ಡೆಸ್ಕ್‌ಟಾಪ್ ಇರುವವರು ಬಿಲ್ ತೆಗೆದು ನೋಡಿ. ಬಿಲ್ಲಿನಲ್ಲಿ ವಿಂಡೋಸಿನ ಹೆಸರೇ ಇಲ್ಲವಾದರೆ ಏನೆಂದು ಊಹಿಸಿಕೊಳ್ಳಿ.

ನಮ್ಮದು ಓ.ಇ.ಎಂ., ಹಾಕಿದ್ದು ತಯಾರಕರ ಸರ್ವಿಸ್ ಸೆಂಟರಿನವರು. ಆದರೆ ಅವರು ಹೊಸ ಬೋರ್ಡಿನಲ್ಲಿ ಆ ಸಂಖ್ಯೆಯನ್ನು ಬರೆದಿರಲಿಲ್ಲ. ಕೇಳಿದ್ದಕ್ಕೆ ಆ ಹುಡುಗ ಗುಟ್ಟಿನ ದನಿಯಲ್ಲಿ, “ಒಂದು ಚಿಕ್ಕ ಸಾಫ್ಟ್‌ವೇರ್ ಹಾಕಿಕೊಡುತ್ತೇನೆ ಕಾಕೂ, ಆ ಬರಹ ಹೋಗಿಬಿಡುತ್ತದೆ, ಐನೂರು ಕೊಡಿ” ಎಂದ. ಮೊದಲು ಆಂಟಿವೈರಸ್ ಬಂದ್ ಮಾಡಬೇಕಂತೆ! ಮನೆಗೆ ಬೀಗ ರಿಪೇರಿಗೆ ಬಂದವನು ಕಾವಲುಗಾರನನ್ನು ಹೊರಗೆ ಕಳುಹಿಸಿ ಎಂದರೆ ನೀವು ಕಳುಹಿಸುತ್ತೀರಾ? ಬೇಡವೆಂದೆ. ಆಕ್ಟಿವೇಟ್ ಆಗದ ವಿಂಡೋಸ್ ನಿಂತುಹೋಗುವುದಿಲ್ಲ. ಆ ಮಸುಕು ಬರಹ ಇರುತ್ತದೆ, ಪರದೆಯ ಚಿತ್ರ ಬಣ್ಣ ಬದಲಿಸಲು ಬಿಡುವುದಿಲ್ಲ, ಅಷ್ಟೆ. ಹಾಗಾಗಿ ಕಳ್ಳದಾರಿ ಹಿಡಿಯುವಷ್ಟು ಅವಸರ ಯಾರಿಗೂ ಬೇಡ.

ಚೌತಿಯ ಕಡುಬು ತಿಂದು ಮುಗಿಸಿದ ಮಧ್ಯಾಹ್ನ ಮಗ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕುಳಿತ. “ನಾನು ಮಾಡುವುದಿಲ್ಲ, ನೀನೇ ಮಾಡು, ನಾನು ಹೇಳುತ್ತೇನೆ” ಎಂದ. ಮೊದಲು ಕೋಪ ಬಂತು. ಆಮೇಲೆ ಅದೇ ಸರಿಯೆನ್ನಿಸಿತು. ನೀವೂ ನಿಮ್ಮ ಅಮ್ಮಂದಿರಿಗೆ ಹಾಗೆಯೇ ಕಲಿಸಿ. ಅವರ ಕೈಯಿಂದ ಮೌಸ್ ಕಿತ್ತುಕೊಂಡು ಎರಡು ನಿಮಿಷದಲ್ಲಿ ಮಾಡಿ ಎದ್ದುಹೋದರೆ ಅವರು ಕಲಿಯುವುದು ಯಾವಾಗ?

ಕ್ರಮ ಹೀಗಿತ್ತು. ಅವನ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟಿನ ಸ್ವಂತ ತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್ ಎಂಬುದನ್ನು ಇಳಿಸಿಕೊಂಡು, 8 ಜಿ.ಬಿ.ಯ ಪೆನ್ ಡ್ರೈವಿನಲ್ಲಿ ವಿಂಡೋಸ್ 11 ತುಂಬಿಸಿದೆವು. ಪೆನ್ ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನನ್ನ ಭಜನೆಗಳೂ ಹೋದವು. ಅದನ್ನು ಚುಚ್ಚಿ ಯಂತ್ರವನ್ನು ಅದರಿಂದಲೇ ಆರಂಭಿಸಬೇಕು. ಅದಕ್ಕೆ ಒತ್ತುವ ಗುಂಡಿ ಒಂದೊಂದು ಕಂಪನಿಗೆ ಒಂದೊಂದು. ಕೀಲಿಸಂಖ್ಯೆ ಕೇಳಿದಾಗ “ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ” ಎಂಬುದನ್ನು ಒತ್ತಿ. ಮುಂದೆ ಹೋಮ್, ಪ್ರೋ ಎಂದು ಪಟ್ಟಿ ಬರುತ್ತದೆ. ಮೊದಲು ಯಾವುದಿತ್ತೋ ಅದನ್ನೇ ಆರಿಸಬೇಕು. ನಮ್ಮದು ಹೋಮ್. ದೊಡ್ಡದು ಸಿಗುತ್ತದಲ್ಲ ಎಂಬ ಆಸೆಗೆ ಪ್ರೋ ಒತ್ತಿದರೆ ಹಳೆಯ ಪರವಾನಗಿ ಅದಕ್ಕೆ ಹೊಂದುವುದಿಲ್ಲ, ಆಕ್ಟಿವೇಷನ್ ಆಗುವುದೇ ಇಲ್ಲ. ಆಮೇಲೆ ಡಿಸ್ಕಿನ ಭಾಗಗಳನ್ನು ತೋರಿಸುತ್ತದೆ. ಇಲ್ಲಿ ಒತ್ತಿದ್ದು ಹಿಂದೆ ಬಾರದು. ನಕಲು ಮಾಡಿಟ್ಟ ಡಿಸ್ಕನ್ನು ಯಂತ್ರದಿಂದ ಬಿಡಿಸಿ ದೂರ ಇಟ್ಟಿದ್ದೇನೆಯೇ, ಅದರಲ್ಲಿ ಫೈಲುಗಳು ನಿಜವಾಗಿ ತೆರೆಯುತ್ತವೆಯೇ ಎಂದು ಎರಡು ಸಲ ನೋಡಿಕೊಂಡ ಮೇಲೆಯೇ ಮುಂದೆ ಹೋದೆ.

ಅರ್ಧ ಗಂಟೆಯಲ್ಲಿ ಅದು ಕುಳಿತಿತು. ಹೊಸ ವಿಂಡೋಸ್‌ಗೆ ನಮ್ಮ ವೈಫೈ ಕಾಣಲೇ ಇಲ್ಲ, ಡ್ರೈವರ್ ಇರಲಿಲ್ಲ. ಮಗ ತನ್ನ ಫೋನನ್ನು ಕೇಬಲಿನಿಂದ ಜೋಡಿಸಿ ಅದರ ಇಂಟರ್‌ನೆಟ್ ಕೊಟ್ಟ. ಹೊಸ ಬೋರ್ಡಿನ ಗಡಿಯಾರವೂ ಯಾವುದೋ ಹಳೆಯ ತಾರೀಖು ತೋರಿಸುತ್ತಿತ್ತು, ಅದನ್ನೂ ಸರಿಪಡಿಸಿದೆವು. ತಾರೀಖು ತಪ್ಪಿದ್ದರೆ ಮೈಕ್ರೋಸಾಫ್ಟಿನ ಕಂಪ್ಯೂಟರಿನೊಂದಿಗೆ ಮಾತುಕತೆಯೇ ನಡೆಯದೆ ಹೋಗಬಹುದು. ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಷನ್. ಅಲ್ಲಿ ಟ್ರಬಲ್‌ಶೂಟ್ ಒತ್ತಿ, “ಐ ಚೇಂಜ್ಡ್ ಹಾರ್ಡ್‌ವೇರ್ ಆನ್ ದಿಸ್ ಡಿವೈಸ್ ರೀಸೆಂಟ್ಲಿ” ಎಂಬುದನ್ನು ಆರಿಸಿದೆ. ವಿಂಡೋಸ್ 10ರ 2016ರ ಆವೃತ್ತಿಯಿಂದ ಬಂದ ಸೌಲಭ್ಯವಿದು. ಪರವಾನಗಿ ನಮ್ಮ ಖಾತೆಗೆ ಮೊದಲೇ ಜೋಡಣೆಯಾಗಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಮಗನ ಹಳೆಯ ಖಾತೆಯಿಂದಲೇ ಒಳಗೆ ಹೋಗಿದ್ದರಿಂದ ಅವನ ಯಂತ್ರಗಳ ಪಟ್ಟಿ ಬಂತು. ಎರಡಕ್ಕೂ ಅಕ್ಷರ, ಅಂಕಿಗಳ ಅರ್ಥವಿಲ್ಲದ ಹೆಸರು. ಯಾವುದು ಇದು ಎಂದು ಇಬ್ಬರೂ ತಲೆ ಕೆರೆದುಕೊಂಡು, ಕೊನೆಗೆ ಒಂದನ್ನು ಗುರುತಿಸಿ, “ಈಗ ಬಳಸುತ್ತಿರುವುದು ಇದೇ” ಎಂಬ ಚೌಕಕ್ಕೆ ಗುರುತು ಹಾಕಿ ಆಕ್ಟಿವೇಟ್ ಒತ್ತಿದೆ. ಒಂದು ನಿಮಿಷ ಗಿರಿಗಿರಿ ತಿರುಗಿತು. ಮೂಲೆಯ ಮಸುಕು ಬರಹ ಮಾಯವಾಯಿತು. ಐನೂರು ರೂಪಾಯಿ ಉಳಿಯಿತು, ಮರ್ಯಾದೆಯೂ ಉಳಿಯಿತು.

ಆ ಸಂತೋಷದಲ್ಲಿ ಮಾವನವರ ಫೈಲನ್ನು ಹೊಸ ಯಂತ್ರಕ್ಕೆ ಹಾಕಿ ತೆರೆದೆ. ಎದೆ ಧಸಕ್ಕೆಂದಿತು. ಒಂದೇ ಒಂದು ಕನ್ನಡ ಅಕ್ಷರವಿಲ್ಲ. 112 ಪುಟಗಳ ತುಂಬ ತಲೆಯ ಮೇಲೆ ಚುಕ್ಕಿ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಕಿಚಡಿ. ಇಷ್ಟೆಲ್ಲ ಒದ್ದಾಡಿ ಉಳಿಸಿದ್ದು ಇದನ್ನೇ?

ಕಾರಣ ಸುಲಭವಾಗಿತ್ತು, ನನಗೆ ಮರೆತುಹೋಗಿತ್ತು ಅಷ್ಟೆ. ಆ ದಿನಗಳ ಕನ್ನಡ ಬಹುಮಟ್ಟಿಗೆ ಫಾಂಟಿನ ಕನ್ನಡ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ಇರಲಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇರಲಿ, ಅವುಗಳ ಹಳೆಯ ಫೈಲುಗಳಲ್ಲಿ ಕಂಪ್ಯೂಟರ್ ಒಳಗೆ ಇಟ್ಟುಕೊಂಡದ್ದು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ. ಅವುಗಳ ಮೇಲೆ ಕನ್ನಡದ ವೇಷ ತೊಡಿಸುತ್ತಿದ್ದುದು ಫಾಂಟು. (‘ನುಡಿ’ಯ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಅವರು ನಮ್ಮ ಮುಂಬಯಿಯಲ್ಲೇ ಕೆಲಸ ಮಾಡಿದವರು ಎಂಬುದು ನಿಮಗೆ ತಿಳಿದಿರಲಿ.) ಹೊಸದಾಗಿ ವಿಂಡೋಸ್ ಹಾಕಿದಾಗ ಆ ಫಾಂಟು ಅಳಿಸಿಹೋಗಿತ್ತು, ವೇಷ ಕಳಚಿತ್ತು. ಯೂನಿಕೋಡ್ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಉಂಟು. ಹಾಗೆ ಬರೆದದ್ದು ಯಾವ ಯಂತ್ರದಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ. ವಿಂಡೋಸ್ ಎಕ್ಸ್‌ಪಿಯಲ್ಲೇ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಫಾಂಟು ಬಂದಿತ್ತು, ಈಗಿನದರಲ್ಲಿ ‘ನಿರ್ಮಲಾ’ ಇದೆ. ನಾನೇ ಇಷ್ಟು ವರ್ಷ ಹಳೆಯ ಫೈಲನ್ನು ಹಾಗೇ ಬಿಟ್ಟಿದ್ದೆ.

‘ಬರಹ’ವನ್ನು ಮತ್ತೆ ಹಾಕಿದೆವು. ಫಾಂಟು ಬಂತು, ಮಾವನವರೂ ಬಂದರು. ಅಷ್ಟಕ್ಕೇ ನಿಲ್ಲದೆ ಇಡೀ ಫೈಲನ್ನು ಯೂನಿಕೋಡಿಗೆ ಪರಿವರ್ತಿಸಿದೆವು. ಪರಿವರ್ತನೆಯಲ್ಲಿ ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿತ್ತು, ಕೆಲವು ಒತ್ತಕ್ಷರ ಬಿಟ್ಟುಹೋಗಿದ್ದವು. ತಿದ್ದಬೇಕಾದರೆ ಒಬ್ಬರು ಓದಬೇಕು, ಒಬ್ಬರು ಸರಿಪಡಿಸಬೇಕು. ಮಗ ಓದಿದ.

ಮಕ್ಕಳೇ, ನನ್ನ ಮಗ ನಿಮ್ಮ ಹಾಗೆಯೇ. ಕನ್ನಡ ಮಾತಾಡುತ್ತಾನೆ, ಓದುವುದೆಂದರೆ ಹಿಂದೇಟು. ಬಸ್ಸಿನ ಬೋರ್ಡ್ ಓದುವಷ್ಟು ಬರುತ್ತದೆ. ಮೊದಲ ಪುಟಕ್ಕೆ ಹತ್ತು ನಿಮಿಷ ಹಿಡಿಯಿತು. ಅಜ್ಜ ಮುಂಬಯಿಗೆ ಬಂದ ಮೊದಲ ರಾತ್ರಿ ಹೋಟೆಲು ಮುಚ್ಚಿದ ಮೇಲೆ ಬೆಂಚುಗಳನ್ನು ಜೋಡಿಸಿ ಮಲಗಿದ ಕತೆ ಅಲ್ಲಿತ್ತು. ಊರಿಗೆ ಕಾಗದ ಬರೆಯಲು ಇಂಕು ಸಾಲ ತಂದದ್ದಿತ್ತು. ಹತ್ತನೆಯ ಪುಟದ ಹೊತ್ತಿಗೆ ಅವನು ನನ್ನನ್ನು ತಿದ್ದುವಂತಾಗಿದ್ದ. “ಅಮ್ಮ, ಇಲ್ಲಿ ಅಜ್ಜ ‘ಹಸಿವು’ ಬರೆದಿದ್ದಾರೆ, ನೀನು ‘ಹಸು’ ಮಾಡಿದ್ದೀಯ” ಎಂದ. ಅವನು ಹೈದರಾಬಾದಿಗೆ ಹೊರಡುವ ಮೊದಲು 40 ಪುಟ ಮುಗಿಯಿತು. ಉಳಿದದ್ದನ್ನು ಈಗ ರಾತ್ರಿ ಫೋನಿನಲ್ಲಿ ಓದಿ ಹೇಳುತ್ತಿದ್ದಾನೆ, ನಾನು ತಿದ್ದುತ್ತಿದ್ದೇನೆ.

ಅಜ್ಜ ತೀರಿಕೊಂಡು ಇಷ್ಟು ವರ್ಷವಾದರೂ ಆ ಫೈಲನ್ನು ಅವನು ಒಮ್ಮೆಯೂ ತೆರೆದಿರಲಿಲ್ಲ. ನಾನೂ ಓದಿಸಿರಲಿಲ್ಲ. ಯಂತ್ರದೊಳಗೆ ಭದ್ರವಾಗಿದೆ ಎಂದು ಇಬ್ಬರೂ ಸುಮ್ಮನಿದ್ದೆವು. ಬೋರ್ಡ್ ಕೆಟ್ಟರೆ ಬೋರ್ಡ್ ಸಿಗುತ್ತದೆ. ಪರವಾನಗಿ ಹೋದರೆ ದುಡ್ಡು ಕೊಟ್ಟಾದರೂ ತರಬಹುದು. ಮನೆಯವರು ಬರೆದಿಟ್ಟ ನಾಲ್ಕು ಮಾತು ಹೋದರೆ ಯಾವ ಕಂಪನಿಯೂ ಕೊಡಲಾರದು. ಇದನ್ನು ತಿಳಿಯಲು ನನಗೆ ಹನ್ನೊಂದು ಸಾವಿರ ಖರ್ಚಾಯಿತು, ನಿಮಗೆ ಪುಕ್ಕಟೆ ಹೇಳುತ್ತಿದ್ದೇನೆ.

ಹಾಗಾಗಿ ಬರುವ ಭಾನುವಾರ, ಎಲ್ಲವೂ ಸರಿಯಿರುವಾಗಲೇ, ಮನೆಯ ಕಂಪ್ಯೂಟರಿನ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಿ. ಆಕ್ಟಿವೇಷನ್ ಪುಟ ತೆರೆದು, ಪರವಾನಗಿ ಯಾರ ಖಾತೆಗೆ ಜೋಡಣೆಯಾಗಿದೆ ನೋಡಿ. ಅಮ್ಮನೋ ಅಪ್ಪನೋ ಬಳಸುವ ಯಂತ್ರವಾದರೆ ಅವರ ಹೆಸರಲ್ಲೇ ಖಾತೆ ಮಾಡಿಕೊಡಿ. ಯಂತ್ರಕ್ಕೆ ಗುರುತು ಸಿಗುವಂಥ ಹೆಸರಿಡಿ. ನನ್ನದಕ್ಕೆ ಈಗ ನಮ್ಮ ಊರಿನ ಹೆಸರು. ಡಿಸ್ಕಿಗೆ ಬೀಗ ಬಿದ್ದಿದೆಯೇ ನೋಡಿ, ಆ 48 ಅಂಕಿಗಳನ್ನು ಕಾಗದದಲ್ಲಿ ಬರೆದು ಎಲ್.ಐ.ಸಿ. ಬಾಂಡುಗಳ ಜೊತೆ ಇಡಿ. ಮುಖ್ಯವಾದುದನ್ನು ಇನ್ನೊಂದು ಡಿಸ್ಕಿಗೂ, ಇನ್ನೊಂದು ಊರಿನಲ್ಲಿರುವವರಿಗೂ ಕೊಟ್ಟಿರಿ. ವಿಂಡೋಸ್ 10 ಇರುವವರು ಗಮನಿಸಿ, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬೋರ್ಡ್ ಬದಲಿಸುವ ಪ್ರಸಂಗ ಬಂದರೆ ವಿಂಡೋಸ್ 11ಕ್ಕೆ ಒಗ್ಗುವಂಥದ್ದೇ, ಅಂದರೆ ಟಿ.ಪಿ.ಎಂ. 2.0 ಇರುವಂಥದ್ದೇ ಬೇಕೆಂದು ಕೇಳಿ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲೂ ಹಳೆಯ ಕನ್ನಡ ಫೈಲುಗಳು ಇರಬಹುದು. ಅಜ್ಜಿ ಹೇಳಿದ ಹಾಡು, ಅಪ್ಪ ಬರೆದ ನಾಟಕ, ಸಂಘದ ಹಳೆಯ ವರದಿ. ತೆರೆದಾಗ ಇಂಗ್ಲಿಷ್ ಕಿಚಡಿ ಕಂಡರೆ ಕೆಟ್ಟುಹೋಗಿದೆಯೆಂದು ಅಳಿಸಬೇಡಿ, ಒಳಗೆ ಕನ್ನಡ ಇದೆ. ಸಂಘಕ್ಕೆ ತನ್ನಿ, ಎರಡನೆಯ ಶನಿವಾರ ಸಂಜೆ ನಾನಿರುತ್ತೇನೆ, ಪರಿವರ್ತಿಸಿ ಕೊಡುತ್ತೇನೆ. ತಿದ್ದಲು ಮಾತ್ರ ನೀವೇ ಓದಿ ಹೇಳಬೇಕು.

ಮುಂದಿನ ತಿಂಗಳು ಮಾವನವರ ಮೊದಲ ಅಧ್ಯಾಯ ಈ ಪುಟದಲ್ಲಿ ಬರುತ್ತದೆ. ಸಂಪಾದಕರಿಗೆ ಈಗಾಗಲೇ ಕೊಟ್ಟಿದ್ದೇನೆ. ಒಂದು ಪ್ರತಿ ಅವರಲ್ಲಿ, ಒಂದು ನನ್ನಲ್ಲಿ, ಒಂದು ಹೈದರಾಬಾದಿನಲ್ಲಿ.

ನಿಮ್ಮ ಪ್ರೀತಿಯ
ಆಂಟಿ